ಪಾಚಿ ಮುಗಿದ ಮೇಲೆ ಏನು ತಿನ್ನುತ್ತದೆ? ರೀಫ್ ಟ್ಯಾಂಕಿಗೆ ಬಸವನಹುಳು, ಸೀಗಡಿ, ಏಡಿ, ಹವಳ ಆರಿಸುವ ಬಗೆ

ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ, ಇಡುವವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: "ಇದು ರೀಫ್ ಸೇಫಾ?" ಹವಳಕ್ಕೆ, ಜೊತೆಯ ಜೀವಗಳಿಗೆ ತೊಂದರೆ ಕೊಡುವುದಿಲ್ಲವಾ ಅಂತ. ಅಂಗಡಿಯವರು ಹೌದು ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಹಸಿದ ಏಡಿ ಬೇರೆ, ಹೊಟ್ಟೆ ತುಂಬಿದ ಏಡಿ ಬೇರೆ. ಅದಕ್ಕೆ ನಾನು ಏನೇ ಕೊಳ್ಳುವ ಮುಂಚೆ ಎರಡು ವಿಷಯ ವಿಚಾರಿಸುತ್ತೇನೆ. ಇದು ಏನು ತಿನ್ನುತ್ತದೆ? ನನ್ನ ಟ್ಯಾಂಕಿನಲ್ಲಿ ಅದು ಖಾಲಿಯಾದ ಮೇಲೆ ಏನು ತಿನ್ನುತ್ತದೆ? ಎರಡನೆಯದಕ್ಕೆ ಉತ್ತರ ಸಿಕ್ಕಿತು ಅಂದರೆ ಅರ್ಧ ಗೊಂದಲ ಅಲ್ಲೇ ಕಳೆಯಿತು.

ನನ್ನದು ಮೂರಡಿ ಟ್ಯಾಂಕ್, ಸುಮಾರು 180 ಲೀಟರ್, ಬೆಂಗಳೂರಿನ ಮನೆಯ ಹಾಲ್‌ನಲ್ಲಿದೆ. ಒಂದು ಜೊತೆ ಕ್ಲೌನ್ ಮೀನು, ಒಂದು ಗೋಬಿ ಮೀನು, ಉಳಿದಿದ್ದೆಲ್ಲ ಬೆನ್ನುಮೂಳೆ ಇಲ್ಲದ ಜೀವಗಳು. ಕೆಳಗೆ ಬರೆದಿರುವುದು 100ರಿಂದ 250 ಲೀಟರ್ ಟ್ಯಾಂಕ್ ಇರುವವರಿಗೆ ಜಾಸ್ತಿ ಹೊಂದುತ್ತದೆ. ಅದಕ್ಕಿಂತ ದೊಡ್ಡದಿದ್ದರೆ ಕೆಲವು ಜಗಳಗಳು ತಾನಾಗಿ ಕಡಿಮೆಯಾಗುತ್ತವೆ.

ಮೊದಲು ನೀರಿನ ಮಾತು

ಇದನ್ನು ಬೇಗ ಮುಗಿಸುತ್ತೇನೆ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ 1 ಅಂದರೆ) 1.025ರಿಂದ 1.026, ಶಾಖ 25-26 ಡಿಗ್ರಿ. ಇವೆರಡೂ ಏರಿಳಿಯದೆ ನಿಂತಿರಬೇಕು. ಮೀನು ಸ್ವಲ್ಪ ಏರುಪೇರು ತಡೆಯುತ್ತದೆ, ಸೀಗಡಿ ಮತ್ತು ನಕ್ಷತ್ರಮೀನು ತಡೆಯುವುದಿಲ್ಲ. ನಮ್ಮಲ್ಲಿ ಏಪ್ರಿಲ್ ಬಂತು ಅಂದರೆ ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ) ಇಲ್ಲದವರು ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಮೇಲೆ ಫ್ಯಾನ್ ಹಾಕುತ್ತಾರೆ. ನೀರು ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ ನಿಜ, ಆದರೆ ಅಷ್ಟೇ ಬೇಗ ಆವಿಯಾಗುತ್ತದೆ, ಉಪ್ಪು ಹಾಗೇ ಉಳಿದು ನೀರು ಇನ್ನೂ ಉಪ್ಪಾಗುತ್ತಾ ಹೋಗುತ್ತದೆ. ದಿನಾ ಸಿಹಿನೀರು ತುಂಬಲೇಬೇಕು.

ಆ ಸಿಹಿನೀರು ಬೋರ್‌ವೆಲ್ಲಿನದು ಬೇಡವೇ ಬೇಡ. ಅಡುಗೆಮನೆಯ ಆರ್‌ಒ ನೀರೂ ಸಾಲದು, ಅದರಲ್ಲಿ ಟಿಡಿಎಸ್ (ಕರಗಿದ ಲವಣ) ಇನ್ನೂ ಉಳಿದಿರುತ್ತದೆ, ಎಷ್ಟೋ ಯಂತ್ರಗಳು ರುಚಿಗೆಂದು ಖನಿಜವನ್ನು ವಾಪಸ್ ಸೇರಿಸುತ್ತವೆ. ಆರ್‌ಒ ಆದಮೇಲೆ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಕಾಳುಗಳು) ಹಾಯಿಸಿ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರುವ ನೀರೇ ಬೇಕು. ಇನ್ನೊಂದು, ತಾಮ್ರ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡುವ ಔಷಧಿಗಳಲ್ಲಿ ಎಷ್ಟೋ ತಾಮ್ರದವು. ಮೀನು ಬದುಕುತ್ತದೆ, ಸೀಗಡಿ, ಹುಳು, ಹವಳ ಎಲ್ಲ ಹೋಗುತ್ತವೆ. ಕಲ್ಲು ಆ ತಾಮ್ರವನ್ನು ಹೀರಿಟ್ಟುಕೊಂಡು ಆಮೇಲೆ ಬಿಡುತ್ತಾ ಇರುತ್ತದೆ. ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಅಥವಾ ಕಲ್ಲು ಕೊಳ್ಳುವಾಗ ಈ ಒಂದು ವಿಷಯ ಕೇಳದೆ ದುಡ್ಡು ಕೊಡಬೇಡಿ.

ಬಸವನಹುಳುಗಳಲ್ಲಿ ಯಾವುದು?

ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು. ಟ್ಯಾಂಕ್ ಸೈಕಲ್ (ಕೊಳೆ ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರುವ ಮೊದಲ ವಾರಗಳು) ಮುಗಿದು ಕಲ್ಲಿನ ಮೇಲೆ ಕಂದು ಪಾಚಿ ಕಾಣಿಸಿಕೊಂಡ ಮೇಲೆ ತನ್ನಿ. ಪಾಚಿ ಬರುವ ಮೊದಲೇ ತಂದರೆ ಪಾಪ ಅವು ಹಸಿವಿನಿಂದ ಸಾಯುತ್ತವೆ. ಇಷ್ಟು ಲೀಟರಿಗೆ ಒಂದರಂತೆ ಅಂತ ಲೆಕ್ಕ ಹಾಕಿ ಒಂದೇ ಸಲ ಐವತ್ತು ಹುಳು ಕೊಡುವವರಿದ್ದಾರೆ. ಹೊಸ ಟ್ಯಾಂಕಿನಲ್ಲಿ ಐವತ್ತು ಹುಳುವಿಗೆ ಸಾಕಾಗುವಷ್ಟು ಊಟ ಎಲ್ಲಿರುತ್ತದೆ ಹೇಳಿ?

ಟರ್ಬೋ ಮತ್ತು ಟ್ರೋಕಸ್, ಇವೆರಡರ ನಡುವೆಯೇ ಜಾಸ್ತಿ ಗೊಂದಲ. ಟರ್ಬೋ ದೊಡ್ಡದು, ಬೆಳೆದದ್ದು ನಿಂಬೆಹಣ್ಣಿನ ಗಾತ್ರ ಇರುತ್ತದೆ. ಕೂದಲಿನಂಥ ಹಸಿರು ಪಾಚಿ ತಿನ್ನುವುದರಲ್ಲಿ ಅದನ್ನು ಮೀರಿಸುವ ಹುಳು ನಾನು ನೋಡಿಲ್ಲ. ರಾತ್ರಿ ಒಂದು ಕಲ್ಲಿನ ಮೇಲೆ ಹತ್ತಿದರೆ ಬೆಳಿಗ್ಗೆ ಅಲ್ಲಿ ಗುಡಿಸಿದ ಹಾಗೆ ದಾರಿ ಬಿದ್ದಿರುತ್ತದೆ. ಆದರೆ ಅಡ್ಡ ಬಂದಿದ್ದನ್ನೆಲ್ಲ ತಳ್ಳಿಕೊಂಡು ಹೋಗುತ್ತದೆ, ಅಂಟಿಸದ ಫ್ರ್ಯಾಗ್ (ಹವಳದ ಸಣ್ಣ ತುಂಡು) ಒಂದೂ ತನ್ನ ಜಾಗದಲ್ಲಿ ಇರುವುದಿಲ್ಲ. ನನ್ನ ಒಂದು ಜೋವಾ (ಹೂವಿನಂಥ ಮೆತ್ತನೆಯ ಹವಳ) ಫ್ರ್ಯಾಗ್ ಮೂರು ದಿನ ಕಲ್ಲಿನ ಹಿಂದೆ ಕತ್ತಲಲ್ಲಿ ಬಿದ್ದಿತ್ತು, ನಾನು ಕಳೆದೇ ಹೋಯಿತು ಅಂದುಕೊಂಡಿದ್ದೆ. ಮೆಕ್ಸಿಕನ್ ಟರ್ಬೋ ಅಂತ ಮಾರುವುದು ಸ್ವಲ್ಪ ತಣ್ಣನೆಯ ನೀರಿನ ಜೀವ, ನಮ್ಮ ಬೇಸಿಗೆಗೆ ಬೇಗ ಸೊರಗುತ್ತದೆ. ಪಾಚಿ ಮುಗಿದ ಮೇಲೆ ಇಷ್ಟು ದೊಡ್ಡ ಹೊಟ್ಟೆಗೆ ಊಟ ಒದಗಿಸುವುದೂ ಕಷ್ಟ.

ಟ್ರೋಕಸ್ ಅದರ ಅರ್ಧದಷ್ಟೂ ಇರುವುದಿಲ್ಲ. ಗೋಪುರದ ಹಾಗೆ ಚೂಪು ಚಿಪ್ಪು, ಮೇಲೆ ಪಟ್ಟೆ. ಗಾಜು, ಕಲ್ಲು ಎರಡನ್ನೂ ಕೆರೆಯುತ್ತದೆ. ಇದರ ದೊಡ್ಡ ಗುಣ ಏನು ಅಂದರೆ ಮಗುಚಿ ಬಿದ್ದರೆ ತಾನೇ ತಿರುಗಿಕೊಳ್ಳುತ್ತದೆ. ಆಸ್ಟ್ರಿಯಾ ಅನ್ನುವ ಇನ್ನೊಂದು ಹುಳು ನೋಡುವುದಕ್ಕೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಬೆಲೆಯೂ ಕಡಿಮೆ, ಆದರೆ ಮರಳಿನ ಮೇಲೆ ಮಗುಚಿಬಿದ್ದರೆ ಏಳಲಾಗದೆ ಅಲ್ಲೇ ಸಾಯುತ್ತದೆ ಅಥವಾ ಏಡಿಗೆ ಊಟವಾಗುತ್ತದೆ. ನೀವು ದಿನಾ ಬೆಳಿಗ್ಗೆ ನೋಡಿ ಎತ್ತಿ ಇಡುತ್ತೀರಿ ಅಂದರೆ ಆಸ್ಟ್ರಿಯಾ ತನ್ನಿ. ಇಲ್ಲದಿದ್ದರೆ ಹತ್ತು ರೂಪಾಯಿ ಜಾಸ್ತಿಯಾದರೂ ಟ್ರೋಕಸ್ಸೇ ಸರಿ. ನೀರು ಚೆನ್ನಾಗಿದ್ದರೆ ಟ್ರೋಕಸ್ ಟ್ಯಾಂಕಿನಲ್ಲೇ ಮರಿ ಮಾಡುತ್ತದೆ, ನನ್ನ ಸಂಪ್‌ನಲ್ಲಿ ಎಳ್ಳಿನಷ್ಟು ಚಿಕ್ಕ ಗೋಪುರಗಳು ಅಂಟಿಕೊಂಡಿರುವುದನ್ನು ನೋಡಿದ ದಿನ ಆದ ಖುಷಿ ಇನ್ನೂ ನೆನಪಿದೆ.

ಮರಳಿಗೆ ಎರಡು ಬೇಕು. ಸೆರಿತ್ ಉದ್ದಕ್ಕೆ ಸ್ಕ್ರೂ ಥರ ಇರುತ್ತದೆ, ಮರಳಿನ ಮೇಲ್ಪದರದ ಪಾಚಿ, ಉಳಿದ ಊಟ ಎರಡನ್ನೂ ತಿನ್ನುತ್ತದೆ. ನಸಾರಿಯಸ್ ಪಾಚಿಯನ್ನು ಮುಟ್ಟುವುದೇ ಇಲ್ಲ, ಅದಕ್ಕೆ ಮಾಂಸ ಬೇಕು. ಇದನ್ನು ತಿಳಿಯದೆ ಪಾಚಿಗೆಂದು ಕೊಂಡು ಬೈದುಕೊಳ್ಳುವವರು ಬಹಳ. ಇಡೀ ದಿನ ಮರಳಿನೊಳಗೆ ಹೂತಿರುತ್ತದೆ, ಸಣ್ಣ ಕೊಳವೆಯೊಂದು ಮಾತ್ರ ಹೊರಗೆ. ಒಂದು ಚೂರು ಮೈಸಿಸ್ (ಸಣ್ಣ ಸೀಗಡಿಯಂಥ ಮೀನಿನ ಊಟ) ಹಾಕಿ ನೋಡಿ, ಅರ್ಧ ನಿಮಿಷದೊಳಗೆ ಮರಳು ಅಲ್ಲಲ್ಲಿ ಉಬ್ಬಿ, ಸೊಂಡಿಲು ಆಡಿಸುತ್ತಾ ನಾಲ್ಕು ಕಡೆಯಿಂದ ಎದ್ದು ಬರುತ್ತವೆ. ಮರಳನ್ನು ಕೆದಕಿ ಸಡಿಲ ಇಡುವುದಕ್ಕೆ, ಮೀನು ಬಿಟ್ಟ ಊಟ ಕೊಳೆಯದ ಹಾಗೆ ನೋಡಿಕೊಳ್ಳುವುದಕ್ಕೆ ಇವು ಬೇಕೇ ಬೇಕು.

180 ಲೀಟರಿಗೆ ನಾನು ಶುರು ಮಾಡಿದ್ದು ಐದು ಟ್ರೋಕಸ್, ಐದು ಸೆರಿತ್, ನಾಲ್ಕು ನಸಾರಿಯಸ್. ಪಾಚಿ ಅದಕ್ಕೂ ಮೀರಿದರೆ ಎರಡು ಮೂರು ಸೇರಿಸಬಹುದು.

ಒಂದು ಎಚ್ಚರಿಕೆ. ಮಲ್ಪೆಗೋ ಕಾರವಾರಕ್ಕೋ ಹೋದಾಗ ಬಂಡೆಯ ಮೇಲಿನ ಹುಳುಗಳನ್ನು ಪುಕ್ಕಟೆ ಸಿಗುತ್ತದೆ ಅಂತ ಆರಿಸಿ ತರಬೇಡಿ. ಯಾವುದು ಪಾಚಿ ತಿನ್ನುವುದು, ಯಾವುದು ಇನ್ನೊಂದು ಹುಳುವಿನ ಚಿಪ್ಪು ಕೊರೆದು ತಿನ್ನುವುದು ಅಂತ ನೋಡಿ ಹೇಳುವುದು ಸುಲಭವಲ್ಲ. ಕೋನ್ ಶಂಖಗಳಲ್ಲಿ ಕೆಲವು ಜಾತಿಯ ವಿಷ ಮನುಷ್ಯನ ಜೀವವನ್ನೇ ತೆಗೆಯುವಂಥದ್ದು.

ಹರ್ಮಿಟ್ ಏಡಿ ಬೇಕೋ, ಹುಳು ಬೇಕೋ

ಎರಡೂ ಒಟ್ಟಿಗೆ ಇರಬಹುದು, ಆದರೆ ಹುಳುಗಳ ಸಂಖ್ಯೆ ಕಡಿಮೆಯಾಗುತ್ತಾ ಹೋಗುತ್ತದೆ ಅನ್ನುವುದನ್ನು ಒಪ್ಪಿಕೊಂಡೇ ತನ್ನಿ. ಹರ್ಮಿಟ್ ಬೆಳೆದ ಹಾಗೆ ಅದಕ್ಕೆ ದೊಡ್ಡ ಚಿಪ್ಪು ಬೇಕು. ಖಾಲಿ ಚಿಪ್ಪು ಸಿಗದಿದ್ದರೆ ಹುಳುವನ್ನು ಕೊಂದು ಅದರ ಮನೆಗೇ ಹೊಕ್ಕುತ್ತದೆ. ಊಟ ಕಡಿಮೆಯಾದಾಗಲೂ ಹಾಗೇ. ಒಂದೊಂದು ಏಡಿಗೂ ಮೂರು ನಾಲ್ಕು ಖಾಲಿ ಚಿಪ್ಪು, ಈಗಿರುವುದಕ್ಕಿಂತ ಸ್ವಲ್ಪ ದೊಡ್ಡದು, ಮರಳಿನ ಮೇಲೆ ಇಡಿ. ಕೊಲೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ನೀಲಿಕಾಲಿನ ಹರ್ಮಿಟ್ ಅಗ್ಗ, ಚುರುಕು, ಜಗಳಗಂಟ. ಕೆಂಪುಕಾಲಿನ ಸ್ಕಾರ್ಲೆಟ್ ನಿಧಾನ, ಸೌಮ್ಯ, ಬೆಲೆ ಜಾಸ್ತಿ. ಎರಡೂ ಕೆರಿಬಿಯನ್ ಕಡೆಯವು. ಏಡಿ ಬೇಕೇ ಬೇಕು ಅಂದರೆ ಎರಡು ಮೂರು ಸ್ಕಾರ್ಲೆಟ್ ತನ್ನಿ. ನಾನು ಈಗ ಒಂದನ್ನೂ ಇಟ್ಟಿಲ್ಲ, ಟ್ರೋಕಸ್ ಮರಿಗಳು ಉಳಿಯಲಿ ಅಂತ.

ಸೀಗಡಿಗಳು

ಟ್ಯಾಂಕಿನಲ್ಲಿ ಜೀವ ಓಡಾಡುತ್ತಿದೆ ಅನ್ನಿಸುವುದು ಇವು ಬಂದ ಮೇಲೆಯೇ. ಕ್ಲೀನರ್ ಸೀಗಡಿಯ ಹೆಸರು ಲಿಸ್ಮಾಟಾ ಅಂಬೊಯಿನೆನ್ಸಿಸ್, ಕೆಂಪು ಬೆನ್ನಿನ ಮೇಲೆ ಉದ್ದಕ್ಕೂ ಒಂದು ಬಿಳಿ ಗೆರೆ. ಟ್ಯಾಂಕಿಗೆ ಕೈ ಹಾಕಿ ಸುಮ್ನೆ ಹಿಡಿದುಕೊಂಡರೆ ಬಂದು ಬೆರಳಿನ ಮೇಲೆ ಕೂತು ಉಗುರಿನ ಸಂದಿಯನ್ನೆಲ್ಲ ಚಿವುಟಿ ನೋಡುತ್ತದೆ. ಎರಡನ್ನು ಒಟ್ಟಿಗೆ ಇಡಬಹುದು, ಯಾವುದೇ ಎರಡಾದರೂ ಜೋಡಿಯಾಗುತ್ತವೆ, ಏಕೆಂದರೆ ಬೆಳೆದವು ಗಂಡೂ ಹೌದು ಹೆಣ್ಣೂ ಹೌದು. ಫೈರ್ ಸೀಗಡಿ, ಅಂದರೆ ಲಿಸ್ಮಾಟಾ ಡೆಬೆಲಿಯಸ್, ಬಣ್ಣದಲ್ಲಿ ಇದಕ್ಕಿಂತ ಚಂದ, ರಕ್ತಗೆಂಪು, ಆದರೆ ನಾಚಿಕೆ ಜಾಸ್ತಿ. ಕಲ್ಲಿನ ಸಂದಿಯಲ್ಲೇ ಇರುತ್ತದೆ, ಬೆಲೆಯೂ ಹೆಚ್ಚು. ಎದುರಿಗೆ ಕಾಣಿಸಬೇಕು ಅನ್ನುವವರು ಕ್ಲೀನರ್ ತನ್ನಿ. ಎರಡಕ್ಕೂ ಒಂದು ದುರಭ್ಯಾಸ ಇದೆ, ಹವಳಕ್ಕೆ ಕೊಟ್ಟ ಊಟವನ್ನು ಅದರ ಬಾಯಿಂದಲೇ ಎಳೆದು ತಿನ್ನುತ್ತವೆ. ಮೊದಲು ಸೀಗಡಿಗೆ ಕೊಟ್ಟು ಆಮೇಲೆ ಹವಳಕ್ಕೆ ಕೊಡಿ.

ಪೆಪ್ಪರ್‌ಮಿಂಟ್ ಸೀಗಡಿಯನ್ನು ಜನ ತರುವುದು ಐಪ್ಟೇಸಿಯಾ ಅನ್ನುವ ಕಳೆ ಅನೆಮೊನಿಯನ್ನು (ಕಲ್ಲಿಗೆ ಅಂಟಿಕೊಂಡು ಕುಟುಕುವ ಹೂವಿನಂಥ ಪ್ರಾಣಿ) ತಿನ್ನಲಿ ಅಂತ. ತಿನ್ನುತ್ತದೆ, ಆದರೆ ಎಲ್ಲವೂ ತಿನ್ನುವುದಿಲ್ಲ, ದೊಡ್ಡ ಐಪ್ಟೇಸಿಯಾ ತಂಟೆಗೆ ಹೋಗುವುದಿಲ್ಲ. ಮೇಲಿಂದ ಮೀನಿನ ಊಟ ಜಾಸ್ತಿ ಸಿಕ್ಕರೆ ಕಳೆಯ ಕಡೆ ನೋಡುವುದೇ ಇಲ್ಲ. ಕಳೆ ಮುಗಿದು ಹಸಿವಾದರೆ ಜೋವಾಗಳನ್ನು ಕಿತ್ತು ನೋಡುವುದೂ ಉಂಟು.

ಇದಕ್ಕಿಂತ ದೊಡ್ಡ ತೊಂದರೆ ಹೆಸರು ಅದಲುಬದಲಾಗುವುದು. ನನಗೊಮ್ಮೆ ಪೆಪ್ಪರ್‌ಮಿಂಟ್ ಅಂತ ಕೊಟ್ಟಿದ್ದು ಕ್ಯಾಮೆಲ್ ಸೀಗಡಿ. ಒಂದು ವಾರದಲ್ಲಿ ಜೋವಾಗಳು ಬಾಯಿ ಮುಚ್ಚಿದವು, ಒಂದೊಂದೇ ಮೊಗ್ಗು ಮಾಯ. ನೀರು ಪರೀಕ್ಷಿಸಿದೆ, ಲೈಟ್ ಬದಲಿಸಿದೆ, ಏನೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಿದರೆ ಅದು ಫ್ರ್ಯಾಗ್ ಮೇಲೆ ಕೂತು ನಿಧಾನವಾಗಿ ತಿನ್ನುತ್ತಿತ್ತು. ವ್ಯತ್ಯಾಸ ಗೊತ್ತಿದ್ದರೆ ಸುಲಭ: ಪೆಪ್ಪರ್‌ಮಿಂಟ್ ಮೈ ಹೆಚ್ಚುಕಮ್ಮಿ ಪಾರದರ್ಶಕ, ಉದ್ದಕ್ಕೆ ತೆಳು ಕೆಂಪು ಗೆರೆ. ಕ್ಯಾಮೆಲ್‌ಗೆ ಬೆನ್ನಿನ ಮೇಲೆ ಗೂನು, ದೊಡ್ಡ ಕಣ್ಣು, ಕೆಂಪು ಮೈ ಮೇಲೆ ದಪ್ಪ ಬಿಳಿ ಗೆರೆ ಮತ್ತು ಚುಕ್ಕೆ. ಮೀನು ಮಾತ್ರ ಇರುವ ಟ್ಯಾಂಕಿಗೆ ಅದೂ ಒಳ್ಳೆಯ ಸೀಗಡಿಯೇ, ಹವಳ ಇರುವಲ್ಲಿಗೆ ಮಾತ್ರ ಬೇಡ.

ಬಾಕ್ಸರ್ ಸೀಗಡಿ ಕೆಂಪು ಬಿಳಿ ಪಟ್ಟೆಯ ಉದ್ದ ಕೈ ಎತ್ತಿ ನಿಂತರೆ ನೋಡುವುದಕ್ಕೆ ಬಲು ಚಂದ. ಆದರೆ ತನ್ನ ಜಾತಿಯದನ್ನೇ ಸಹಿಸುವುದಿಲ್ಲ. ಒಂದು, ಇಲ್ಲವೇ ಮೊದಲೇ ಜೋಡಿಯಾಗಿರುವ ಎರಡು, ಅಷ್ಟೇ. ಸಣ್ಣ ಟ್ಯಾಂಕಿನಲ್ಲಿ ಕ್ಲೀನರ್ ಇದ್ದರೆ ಬಾಕ್ಸರ್ ಬೇಡ, ಬಾಕ್ಸರ್ ಇದ್ದರೆ ಕ್ಲೀನರ್ ಬೇಡ. ಹಾರ್ಲೆಕ್ವಿನ್ ಸೀಗಡಿಯ ಚಂದಕ್ಕೆ ಮರುಳಾಗುವ ಮುಂಚೆ ಇದು ತಿಳಿದಿರಲಿ, ಅದು ತಿನ್ನುವುದು ನಕ್ಷತ್ರಮೀನಿನಂಥ ಜೀವಗಳನ್ನು ಮಾತ್ರ. ತಿಂಗಳು ತಿಂಗಳು ನಕ್ಷತ್ರಮೀನು ಎಲ್ಲಿಂದ ತರುತ್ತೀರಿ? ಸೀಗಡಿಯ ಜೊತೆ ಬಾಳುವ ಜಾತಿಯ ಗೋಬಿ ಇದ್ದವರಿಗೆ ಪಿಸ್ತೂಲ್ ಸೀಗಡಿ ಒಳ್ಳೆಯ ಆಯ್ಕೆ. ಸೀಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ಇರುತ್ತದೆ, ಸೀಗಡಿ ಹೊರಗೆ ಬಂದಾಗಲೆಲ್ಲ ಒಂದು ಮೀಸೆ ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಕಲ್ಲುಗಳನ್ನು ಮಾತ್ರ ತಳದ ಗಾಜಿನ ಮೇಲೇ ಕೂರಿಸಿ, ಮರಳಿನ ಮೇಲೆ ಇಟ್ಟಿದ್ದರೆ ಬಿಲ ತೋಡಿ ಉರುಳಿಸುತ್ತದೆ.

ಹಾಕ್‌ಫಿಶ್, ಟ್ರಿಗರ್, ಪಫರ್, ಲಯನ್‌ಫಿಶ್ ಇವುಗಳಲ್ಲಿ ಯಾವುದಿದ್ದರೂ ಸೀಗಡಿಯ ಆಸೆ ಬಿಡಿ.

ಸೀಗಡಿ ಪೊರೆ ಬಿಟ್ಟಾಗ ಗಾಬರಿ ಬೇಡ. ಕಾಲು, ಮೀಸೆ ಸಮೇತ ಇಡೀ ಚಿಪ್ಪು ಮೂಲೆಯಲ್ಲಿ ಬಿದ್ದಿರುತ್ತದೆ, ಸತ್ತೇ ಹೋಯಿತು ಅನ್ನಿಸುತ್ತದೆ. ಎತ್ತಿ ನೋಡಿದರೆ ಒಳಗೆ ಟೊಳ್ಳು. ಹೊಸ ಚಿಪ್ಪು ಗಟ್ಟಿಯಾಗುವ ತನಕ ಒಂದೆರಡು ದಿನ ಅಡಗಿರುತ್ತದೆ, ಕಲ್ಲು ಎತ್ತಿ ಹುಡುಕಬೇಡಿ.

ಇನ್ನೊಂದು ಮಾತು, ನಮ್ಮ ಮನೆಗಳಿಗೆ ಇದು ತುಂಬ ಮುಖ್ಯ. ಊರಿಂದ ನೆಂಟರು ಬಂದಿದ್ದಾಗ ಹಾಲ್‌ನಲ್ಲಿ ಮಲಗಿದ್ದರು, ಸೊಳ್ಳೆ ಅಂತ ಟ್ಯಾಂಕಿನ ಪಕ್ಕದ ಪ್ಲಗ್ಗಿಗೇ ಸೊಳ್ಳೆ ಮಷಿನ್ ಹಾಕಿಕೊಂಡಿದ್ದಾರೆ. ಬೆಳಿಗ್ಗೆ ಎರಡೂ ಕ್ಲೀನರ್ ಸೀಗಡಿ ಮಗ್ಗುಲಾಗಿ ಬಿದ್ದು ಕಾಲು ಅದುರಿಸುತ್ತಿದ್ದವು, ಮಧ್ಯಾಹ್ನದೊಳಗೆ ಸತ್ತವು. ಮೀನು, ಹುಳು ಎಲ್ಲ ಸರಿಯಾಗಿಯೇ ಇದ್ದವು. ಸೊಳ್ಳೆ ಔಷಧಿಯಲ್ಲಿರುವ ಪೈರೆಥ್ರಾಯ್ಡ್ ಕೀಟಗಳ ನರಕ್ಕೆ ಬಡಿಯುತ್ತದೆ, ಸೀಗಡಿ ಏಡಿಗಳು ಕೀಟಗಳ ಹತ್ತಿರದ ನೆಂಟರೇ ಅಲ್ವಾ? ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಮತ್ತು ಏರ್ ಪಂಪ್ ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೆ ಕಲಸುತ್ತವೆ. ಕಾಯಿಲ್, ಮಷಿನ್, ಜಿರಳೆ ಸ್ಪ್ರೇ ಯಾವುದೂ ಟ್ಯಾಂಕ್ ಇರುವ ಕೋಣೆಗೆ ಬೇಡ. ಈಗ ನಮ್ಮಲ್ಲಿ ಕಿಟಕಿಗೆ ಜಾಲರಿ, ಮಲಗುವವರಿಗೆ ಸೊಳ್ಳೆ ಪರದೆ.

ಏಡಿ, ಅರ್ಚಿನ್, ನಕ್ಷತ್ರಮೀನು

ಎಮರಾಲ್ಡ್ ಏಡಿ ಹಸಿರು ಗುಳ್ಳೆ ಪಾಚಿ ತಿನ್ನುತ್ತದೆ, ಆ ಕೆಲಸಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಗುಳ್ಳೆ ಮುಗಿದ ಮೇಲೆ ನೋರಿ (ಒಣಗಿಸಿದ ಕಡಲಪಾಚಿ) ಹಾಳೆ ಕೊಡುತ್ತಾ ಹೋಗಬೇಕು, ಇಲ್ಲದಿದ್ದರೆ ಹವಳದ ಕಡೆ ಕೈ ಹೋಗುತ್ತದೆ. ಒಂದು ಸಾಕು. ಪೋರ್ಸಲೀನ್ ಏಡಿ ಬೀಸಣಿಗೆ ಆಡಿಸಿ ನೀರಿನಲ್ಲಿ ತೇಲುವುದನ್ನು ಹಿಡಿದು ತಿನ್ನುವಂಥದ್ದು, ಯಾರ ತಂಟೆಗೂ ಹೋಗದ ಜೀವ. ಕಲ್ಲಿನ ಜೊತೆ ಬಂದ, ಹೆಸರು ಗೊತ್ತಿಲ್ಲದ, ಮೈಮೇಲೆ ಕೂದಲಿರುವ ಏಡಿಯನ್ನು ಹಿಡಿದು ಸಂಪ್‌ಗೆ ಹಾಕಿಬಿಡಿ.

ಅರ್ಚಿನ್‌ಗಳಲ್ಲಿ (ಮೈತುಂಬ ಮುಳ್ಳಿರುವ ಚೆಂಡಿನಂಥ ಕಡಲಜೀವ) ಟಕ್ಸೀಡೋ ನಮ್ಮ ಗಾತ್ರದ ಟ್ಯಾಂಕಿಗೆ ಸರಿ. ಸಣ್ಣದು, ಮುಳ್ಳು ಗಿಡ್ಡ, ನೀಲಿ ಪಟ್ಟೆ. ಸಿಕ್ಕಿದ್ದನ್ನೆಲ್ಲ ತಲೆಮೇಲೆ ಹೊತ್ತುಕೊಂಡು ತಿರುಗುತ್ತದೆ, ಚಿಪ್ಪು, ಕಲ್ಲುಚೂರು, ನಿಮ್ಮ ಫ್ರ್ಯಾಗ್ ಕೂಡ. ಪಾಚಿಯ ಜೊತೆ ಕಲ್ಲನ್ನು ಮುಚ್ಚುವ ನೇರಳೆ ಬಣ್ಣದ ಕೋರಲೈನ್ ಪಾಚಿಯನ್ನೂ ಕೆರೆಯುತ್ತದೆ. ಉದ್ದ ಮುಳ್ಳಿನ ಡಯಡೆಮಾ ದೊಡ್ಡ ಟ್ಯಾಂಕಿಗೆ, ಮುಳ್ಳು ಚುಚ್ಚಿದರೆ ಮುರಿದು ಒಳಗೇ ಉಳಿಯುತ್ತದೆ. ಪೆನ್ಸಿಲ್ ಅರ್ಚಿನ್ ಹವಳಕ್ಕೂ ಬಾಯಿ ಹಾಕುತ್ತದೆ, ಬಿಡಿ.

ನಕ್ಷತ್ರಮೀನಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನೀಲಿ ಲಿಂಕಿಯಾ ತರಬೇಡಿ. ಮರಳು ಜಾಲಿಸುವ ನಕ್ಷತ್ರಮೀನೂ ಬೇಡ. ಮರಳಿನಲ್ಲಿರುವ ಸಣ್ಣ ಜೀವಗಳನ್ನೆಲ್ಲ ಕೆಲವೇ ತಿಂಗಳಲ್ಲಿ ತಿಂದು ಮುಗಿಸುತ್ತದೆ, ಆಮೇಲೆ ನಾವು ಕೊಡುವುದು ಯಾವುದೂ ಅದಕ್ಕೆ ಸಾಕಾಗುವುದಿಲ್ಲ, ತೋಳಿನ ತುದಿಯಿಂದ ಕರಗುತ್ತಾ ಬಂದು ಸಾಯುತ್ತದೆ. ಸಾಯುವುದಕ್ಕೆ ಇಷ್ಟು ತಿಂಗಳು ತೆಗೆದುಕೊಳ್ಳುವುದರಿಂದ ಜನಕ್ಕೆ ಇದು ಹಸಿವು ಅಂತ ಗೊತ್ತೇ ಆಗುವುದಿಲ್ಲ. ಚಾಕಲೇಟ್ ಚಿಪ್ ನಕ್ಷತ್ರಮೀನು ಗಟ್ಟಿಮುಟ್ಟು, ಆದರೆ ಹವಳದ ಮೇಲೆ ಹತ್ತಿ ತಿನ್ನುತ್ತದೆ. ಬೇಕಿದ್ದರೆ ಬ್ರಿಟಲ್ ಸ್ಟಾರ್ ತನ್ನಿ, ಬಳುಕುವ ತೋಳಿನ, ಉಳಿದ ಊಟ ತಿನ್ನುವ ಸಣ್ಣ ಜಾತಿಗಳು. ಹಸಿರು ಬ್ರಿಟಲ್ ಸ್ಟಾರ್ ಮಾತ್ರ ಬೇಡವೇ ಬೇಡ, ಅದು ರಾತ್ರಿ ಮೀನನ್ನೇ ಹಿಡಿಯುತ್ತದೆ.

ಹವಳ ಮತ್ತು ಅನೆಮೊನಿ

ಕಾನೂನು ಮೊದಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ಕ್ಕೆ (ಹೆಚ್ಚಿನ ರಕ್ಷಣೆಯ ಪಟ್ಟಿ) 2001ರಲ್ಲಿ ರೀಫ್ ಕಟ್ಟುವ ಗಟ್ಟಿ ಹವಳ, ಕಪ್ಪು ಹವಳ, ಫೈರ್ ಕೋರಲ್, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಎಲ್ಲ ಸೇರಿದವು. ಕಡಲ ಸೌತೆಗಳೂ ಆಗಲೇ ಸೇರಿದವು, ಟ್ರೈಡಾಕ್ನಾ (ದೈತ್ಯ ಕಪ್ಪೆಚಿಪ್ಪು) ಜಾತಿಗಳಲ್ಲಿ ಮ್ಯಾಕ್ಸಿಮಾ ಮತ್ತು ಸ್ಕ್ವಾಮೋಸಾ ಸೇರಿದವು. ನಮ್ಮ ಸಮುದ್ರದಿಂದ ಕಿತ್ತು ತಂದಿದ್ದನ್ನು ಕೊಳ್ಳುವುದು ಅಪರಾಧ. ಹೊರಗಿನಿಂದ ಬಂದ ಗಟ್ಟಿ ಹವಳಕ್ಕೆ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದ ಬೇಕು. ಕಾಗದ ತೋರಿಸದವರ ಹತ್ತಿರ ಕೊಳ್ಳಬೇಡಿ. ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ನೀರಿಗಿಳಿದು ಹವಳ ನೋಡಿ ಬಂದ ಮೇಲೆ, ಅಲ್ಲಿನ ಒಂದು ಚೂರೂ ಯಾರ ಗಾಜಿನ ಪೆಟ್ಟಿಗೆಗೂ ಬರಬಾರದು ಅನ್ನಿಸಿತು ನನಗೆ. ನಾನು ಇಟ್ಟಿರುವುದು ಜೋವಾ, ಮಶ್ರೂಮ್, ಒಂದು ಲೆದರ್ ಹವಳ, ಎಲ್ಲವೂ ಬೇರೆ ಹವ್ಯಾಸಿಗಳ ಟ್ಯಾಂಕಿನಲ್ಲಿ ಬೆಳೆದ ತುಂಡುಗಳು.

ಮೆತ್ತನೆಯ ಹವಳಗಳಲ್ಲೇ ಹೋಲಿಸುವುದಾದರೆ ಹೊಸಬರಿಗೆ ಮಶ್ರೂಮ್. ಬೆಳಕು ಕಡಿಮೆ ಸಾಕು, ನೀರು ತೀರಾ ಸ್ವಚ್ಛ ಇರಲೇಬೇಕು ಅಂತಿಲ್ಲ. ಜೋವಾ ಬಣ್ಣಕ್ಕೆ ಒಳ್ಳೆಯದು, ಆದರೆ ಜೋವಾ ಮತ್ತು ಅದರ ನೆಂಟರಾದ ಪಾಲಿಗಳಲ್ಲಿ (ಪಾಲಿಥೋವಾ) ಪಾಲಿಟಾಕ್ಸಿನ್ ಅನ್ನುವ ಘೋರ ವಿಷ ಇರಬಹುದು. ಕತ್ತರಿಸುವಾಗ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ, ಜೋವಾ ಇರುವ ಕಲ್ಲನ್ನು ಯಾವ ಕಾರಣಕ್ಕೂ ಬಿಸಿನೀರಲ್ಲಿ ಕುದಿಸಬೇಡಿ, ಆ ಹಬೆ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ. ಝೀನಿಯಾ ಮತ್ತು ಗ್ರೀನ್ ಸ್ಟಾರ್ ಪಾಲಿಪ್ ಬೆಳೆಯುವುದು ಹುಲ್ಲಿನ ಹಾಗೆ, ಮುಖ್ಯ ಕಲ್ಲಿಗೆ ಅಂಟಿಸಿದರೆ ಆಮೇಲೆ ಕೀಳುವುದು ಕಷ್ಟ. ಮರಳಿನ ಮಧ್ಯೆ ಒಂಟಿ ಕಲ್ಲಿನ ಮೇಲೆ ಇಡಿ. ಲೆದರ್ ಹವಳ ಪಕ್ಕದವರನ್ನು ಮುಟ್ಟದೆಯೇ ನೀರಿಗೆ ರಾಸಾಯನಿಕ ಬಿಟ್ಟು ತುಳಿಯುತ್ತದೆ, ಆಕ್ಟಿವೇಟೆಡ್ ಕಾರ್ಬನ್ ಇಟ್ಟು ತಿಂಗಳಿಗೊಮ್ಮೆ ಬದಲಿಸಿದರೆ ಎಲ್ಲರೂ ನೆಮ್ಮದಿಯಾಗಿರುತ್ತಾರೆ.

ಅಮೆರಿಕದಲ್ಲೋ ಸಿಂಗಪುರದಲ್ಲೋ ಇರುವ ನಮ್ಮವರಿಗೆ ಟ್ಯಾಂಕಿನಲ್ಲೇ ಬೆಳೆಸಿದ ಗಟ್ಟಿ ಹವಳ ಸುಲಭವಾಗಿ ಸಿಗುತ್ತದೆ. ಹ್ಯಾಮರ್ ಮತ್ತು ಫ್ರಾಗ್‌ಸ್ಪಾನ್ ಪಕ್ಕಪಕ್ಕ ಇದ್ದರೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಟಾರ್ಚ್ ಮಾತ್ರ ದೂರ ಇಡಿ, ಅದರ ಕುಟುಕು ಜೋರು. ಗಲಾಕ್ಸಿಯಾ ರಾತ್ರಿ ಗೇಣುದ್ದದ ಎಳೆ ಚಾಚಿ ಸುತ್ತಲಿನವರನ್ನು ಸುಡುತ್ತದೆ, ಸಣ್ಣ ಟ್ಯಾಂಕಿಗೆ ಬೇಡ.

ಕ್ಲೌನ್ ಮೀನು ಇದೆ, ಅನೆಮೊನಿ ಬೇಕು ಅಂತ ಮಕ್ಕಳು ಹಟ ಮಾಡುತ್ತಾರೆ. ಕ್ಲೌನ್‌ಗೆ ಅನೆಮೊನಿ ಇಲ್ಲದೆಯೂ ನಡೆಯುತ್ತದೆ, ನನ್ನವು ಲೆದರ್ ಹವಳದಲ್ಲೇ ಮಲಗುತ್ತವೆ. ಬೇಕೇ ಬೇಕು ಅಂದರೆ ಬಬಲ್ ಟಿಪ್, ಅದೂ ಟ್ಯಾಂಕಿಗೆ ಆರು ತಿಂಗಳಿಂದ ಒಂದು ವರ್ಷ ಆದಮೇಲೆ. ಹವಳ ಇಟ್ಟಲ್ಲೇ ಇರುತ್ತದೆ, ಅನೆಮೊನಿ ನಡೆಯುತ್ತದೆ. ದಾರಿಯಲ್ಲಿ ಸಿಕ್ಕ ಹವಳವನ್ನೆಲ್ಲ ಕುಟುಕುತ್ತದೆ, ನೀರು ತಳ್ಳುವ ಪಂಪಾದ ಪವರ್‌ಹೆಡ್‌ಗೆ ಸಿಕ್ಕಿ ಚೂರಾದರೆ ಇಡೀ ಟ್ಯಾಂಕ್ ಕೆಡುತ್ತದೆ. ಪವರ್‌ಹೆಡ್‌ಗೆ ಜಾಲರಿ ಕಟ್ಟಿದ ಮೇಲೆಯೇ ತನ್ನಿ.

ಅಂಗಡಿಯಲ್ಲಿ ನೋಡಬೇಕಾದ್ದು

ಹುಳುವನ್ನು ಗಾಜಿನಿಂದ ಮೆಲ್ಲಗೆ ಎಳೆದು ನೋಡಿ, ಹಿಡಿತ ಗಟ್ಟಿಯಾಗಿರಬೇಕು. ತಳದಲ್ಲಿ ಬಿದ್ದಿರುವುದು ಬೇಡ. ಸೀಗಡಿಗೆ ನಿಮ್ಮೆದುರಿಗೇ ಒಂದು ಚೂರು ಊಟ ಹಾಕಲು ಹೇಳಿ, ಓಡಿ ಬಂದು ಹಿಡಿದರೆ ಮಾತ್ರ ಕಟ್ಟಿಸಿ. ಬಂದ ದಿನವೇ ಕೊಳ್ಳಬೇಡಿ, ಒಂದು ವಾರ ಅಲ್ಲೇ ಇದ್ದು ತಿನ್ನುತ್ತಿರುವುದನ್ನು ಕೊಳ್ಳಿ.

ಮನೆಗೆ ಬಂದ ಮೇಲೆ ಬಕೆಟ್ಟಿಗೆ ಹಾಕಿ, ಏರ್ ಪಂಪಿನ ತೆಳು ಪೈಪಿಗೆ ಒಂದು ಗಂಟು ಬಿಗಿದು, ಟ್ಯಾಂಕಿನ ನೀರು ಸೆಕೆಂಡಿಗೆ ಎರಡು ಮೂರು ಹನಿಯಂತೆ ಬೀಳುವ ಹಾಗೆ ಬಿಡಿ. ಹುಳು, ಸೀಗಡಿಗೆ ಒಂದು ಗಂಟೆ, ನಕ್ಷತ್ರಮೀನಿಗೆ ಎರಡು ಗಂಟೆ. ಬಕೆಟ್ ನೀರು ಟ್ಯಾಂಕಿಗೆ ಬೇಡ, ಜೀವವನ್ನು ಮಾತ್ರ ಸಣ್ಣ ಡಬ್ಬಿಯಲ್ಲಿ ಎತ್ತಿ ಒಳಗೆ ಬಿಡಿ. ನಕ್ಷತ್ರಮೀನನ್ನು ಗಾಳಿಗೆ ತೆಗೆಯದೆ ನೀರಿನೊಳಗೇ ಡಬ್ಬಿಗೆ ಹತ್ತಿಸಿಕೊಳ್ಳಿ. ಲೈಟ್ ಆರಿಸಿ, ಆ ರಾತ್ರಿ ಯಾರಿಗೂ ಊಟ ಹಾಕಬೇಡಿ. ಬೆಳಿಗ್ಗೆ ಎದ್ದಕೂಡಲೇ ಮರಳಿನ ಮೇಲೆ ಯಾರಾದರೂ ಮಗುಚಿ ಬಿದ್ದಿದ್ದಾರಾ ಅಂತ ಒಮ್ಮೆ ನೋಡಿ.